ತಣ್ಣಗಾಗಬಾರದ ಬೋರ್ಡು

ಬೆಂಕಿಯ ಮಗ್ಗುಲಲ್ಲಿ ಕೂತು ಕೆಲಸ ಮಾಡುವ ಒಂದು ಯಂತ್ರದ ಕಥೆಯಿದು. ಇದನ್ನು ಹೇಳಲು ಬೇಕಾದಷ್ಟು ಓದು ಹೇಳುವವರಿಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಲೋಹ, ಪಿಂಗಾಣಿಗಳ ಸ್ವಭಾವ ಬಲ್ಲವರು ಎಲ್ಲಾದರೂ ಎಡವಿದ್ದು ಕಂಡರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಎಡವಿದ್ದರೆ ಅದು ಯಂತ್ರದ ವಿಷಯದಲ್ಲಿ. ಮನುಷ್ಯರ ವಿಷಯದಲ್ಲಿ ಎಡವದಂತೆ ಆದಷ್ಟು ಜಾಗ್ರತೆ ವಹಿಸಲಾಗಿದೆ.

ಬಿಸಿಲು ಈಗಿನದಕ್ಕಿಂತ ಇನ್ನಷ್ಟು ಏರಿದ ಕಾಲ. ಕಲಬುರಗಿ ಸೀಮೆಯಲ್ಲಿ ಶಾಲೆ, ಕಚೇರಿ, ಬ್ಯಾಂಕುಗಳೆಲ್ಲ ನಸುಕಿನಲ್ಲೇ ತೆರೆದು, ಬಿಸಿಲೇರುವ ಹೊತ್ತಿಗೆ ಬಾಗಿಲು ಹಾಕಿ, ಸಂಜೆ ಮತ್ತೆ ತೆರೆಯುವುದು ರೂಢಿಯಾಗಿತ್ತು. ಮನುಷ್ಯರಿಗಿಂತ ಮೊದಲು ಬಿಸಿಲಿಗೆ ಸೋತದ್ದು ಯಂತ್ರಗಳು. ಮಧ್ಯಾಹ್ನ ಮೊಬೈಲುಗಳು ತಾವಾಗಿಯೇ ಆರಿಹೋಗುತ್ತಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷಿನ್ನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಕೊಡದ ಪಕ್ಕ ಇಡುತ್ತಿದ್ದರು. ಸರ್ಕಲ್ಲಿನ ಸಿಗ್ನಲ್ ದೀಪ ಕಣ್ಣು ಮುಚ್ಚಿದರೆ ಜನ ತಾವೇ ಆಚೀಚೆ ನೋಡಿಕೊಂಡು ದಾಟುತ್ತಿದ್ದರು. ಯಾರಿಗೂ ಇದರಿಂದ ಅಂಥ ಬೇಜಾರಿರಲಿಲ್ಲ. ಮಧ್ಯಾಹ್ನದ ನಿದ್ದೆ ಎಲ್ಲರಿಗೂ ಒಗ್ಗಿಹೋಗಿತ್ತು.

ನಿದ್ದೆಯಿಲ್ಲದ್ದು ಒಂದೇ, ಸಿಮೆಂಟ್ ಕಾರ್ಖಾನೆಯ ಕಿಲನ್. ಒಂದು ಬೀದಿಯಷ್ಟು ಉದ್ದದ, ಎತ್ತಿನ ಬಂಡಿ ಸರಾಗವಾಗಿ ಒಳಗೆ ಹೋಗುವಷ್ಟು ಅಗಲದ ಉಕ್ಕಿನ ಕೊಳವೆ ಅದು. ಸ್ವಲ್ಪ ಓರೆಯಾಗಿ ಮಲಗಿ, ಹಗಲೂ ರಾತ್ರಿ ನಿಧಾನವಾಗಿ ಉರುಳುತ್ತಿರುತ್ತದೆ. ಒಂದು ತುದಿಯಿಂದ ಸುಣ್ಣದ ಕಲ್ಲಿನ ಪುಡಿ ಇಳಿದು ಬರುತ್ತದೆ, ಇನ್ನೊಂದು ತುದಿಯಿಂದ ಬೆಂಕಿ ನಾಲಿಗೆ ಚಾಚುತ್ತದೆ. ಆ ಬೆಂಕಿ ಉಕ್ಕನ್ನು ತಿಂದುಹಾಕದಂತೆ ಒಳಮೈಗೆಲ್ಲ ವಿಶೇಷ ಇಟ್ಟಿಗೆ ಕಟ್ಟಿರುತ್ತಾರೆ. ಇಟ್ಟಿಗೆ ಸವೆದರೆ ಉಕ್ಕು ಕೆಂಪಾಗುತ್ತದೆ. ಹಾಗೇ ಬಿಟ್ಟರೆ ತೂತು ಬೀಳುತ್ತದೆ.

ಈ ಕಥೆಯ ಯಂತ್ರವನ್ನು ನೋಡಿಕೊಳ್ಳುವ ಮಹಾನಂದಾಳ ಗಂಡ ಸೈಬಣ್ಣ ಈ ಇಟ್ಟಿಗೆ ಕಟ್ಟುವ ಗೌಂಡಿ. ಎಲ್ಲಿ ಎಷ್ಟು ಸವೆದಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕಿಲನ್ ನಿಲ್ಲಿಸಿದಾಗ ಮೊದಲು ಒಬ್ಬಿಬ್ಬರು ಒಳಗೆ ಹೋಗಿ ನೋಡಿ ಬರಬೇಕು. ಗೋಡೆಗೆ ಮೆತ್ತಿಕೊಂಡ ಅರೆಬೆಂದ ಸಿಮೆಂಟಿನ ಹೆಂಟೆಗಳು ಆಗ ತಲೆಯ ಮೇಲೆ ತೂಗುತ್ತಿರುತ್ತವೆ. ಹಿಂದಿನ ಮಳೆಗಾಲದಲ್ಲಿ ಅಂಥದೊಂದು ಹೆಂಟೆ ಜಾರಿ ಸೈಬಣ್ಣನ ಎಡಹೆಗಲ ಮೇಲೆ ಬಿದ್ದಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆಯೇ. ಅಂದಿನಿಂದ ಅಂಗಿ ತೊಡುವಾಗ ಅವನು ಎಡಗೈಯನ್ನು ಬಲಗೈಯಿಂದ ಎತ್ತಿ ತೋಳಿಗೆ ತೂರಿಸುತ್ತಿದ್ದ. ಮಹಾನಂದಾ ನೋಡಿದರೆ ನಗುತ್ತಿದ್ದ.

"ಕಟ್ಲಾಕ ಹೋಗೋದು ಏನೂ ಅಲ್ಲ. ಕೈಯಾಗ ಕೆಲಸಿರ್ತದ, ಅಂಜಿಕಿ ನೆನಪಾಗಂಗಿಲ್ಲ. ನೋಡ್ಲಾಕ ಹೋಗೋದೇ ಕಷ್ಟ" ಎಂದು ಅವನು ಒಮ್ಮೆ ಹೇಳಿದ್ದ. ಆ ಮಾತು ಅವಳ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಮಹಾನಂದಾ ಕೂಲಿಯಿಂದ ಬಂದ ಮೇಲೆ ಸಂಜೆ ತರಗತಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಸಿಮೆಂಟಿನ ಊರಿನಿಂದ ದಿನವೂ ನಸುಕಿನ ಪ್ಯಾಸೆಂಜರ್ ಹತ್ತಿ ಕಲಬುರಗಿಯ ಒಂದು ಸಣ್ಣ ಪ್ರಯೋಗಶಾಲೆಗೆ ಕೆಲಸಕ್ಕೆ ಬರುತ್ತಿದ್ದಳು. ಮಾಡಿದ ಕೆಲಸವನ್ನು ಮೂರು ಸಲ ನೋಡುವ ಸ್ವಭಾವ. ಮನೆಗೆ ಮರಳುವ ರೈಲು ಹತ್ತಿದ ಮೇಲೂ ಪ್ರಯೋಗಶಾಲೆಯ ಓವನ್ನಿನ ಬಾಗಿಲು ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಕಸಿವಿಸಿ. ಅತ್ತೆ ಗೌರಮ್ಮ ಸೊಸೆಯ ಈ ಕೆಲಸವನ್ನು ಕಂಡು ಆಡಿಕೊಳ್ಳುತ್ತಿದ್ದಳು: "ಮಗ ಬೆಂಕ್ಯಾಗಿಂದ ಬರ್ತಾನ, ಸೊಸಿ ಬೆಂಕಿ ಹುಡಿಕ್ಕೊಂಡು ರೈಲ್ ಹತ್ತತಾಳ. ನನಗ ರೊಟ್ಟಿ ಒಲಿ ಒಂದೇ ಸಾಕಾಗಿಹೋಗ್ಯಾದವ್ವಾ."

ಪ್ರಯೋಗಶಾಲೆಯ ಮುಖ್ಯಸ್ಥೆ ಡಾಕ್ಟರ್ ನಿಖತ್. ಅವರ ತಲೆಯಲ್ಲಿ ಹುಟ್ಟಿದ ಪ್ರಶ್ನೆ ಸರಳವಾದದ್ದು. ಲೋಕವೆಲ್ಲ ಯಂತ್ರವನ್ನು ತಂಪು ಮಾಡಲು ಫ್ಯಾನು, ನೀರು, ಏಸಿ ಎಂದು ಒದ್ದಾಡುತ್ತಿದೆ. ಅದರ ಬದಲು ಯಂತ್ರದ ಮಿದುಳಿನಂತಿರುವ ಎಲೆಕ್ಟ್ರಾನಿಕ್ ಬೋರ್ಡನ್ನೇ ಬಿಸಿಯಲ್ಲಿ ಹಾಯಾಗಿರುವಂತೆ ಮಾಡಿದರೆ ಹೇಗೆ? ಮಾಮೂಲಿ ಬೋರ್ಡಿನಲ್ಲಿ ಸಿಲಿಕಾನ್ ಚಿಪ್ ಇರುತ್ತದೆ. ತೀರ ಕಾಯಿಸಿದರೆ ಅದಕ್ಕೆ ಹೌದು ಯಾವುದು, ಅಲ್ಲ ಯಾವುದು ಎಂಬ ವಿವೇಕ ತಪ್ಪುತ್ತದೆ. ಇನ್ನೂ ಕಾಯಿಸಿದರೆ ಬೆಸುಗೆ ಕರಗಿ ಹನಿಯುತ್ತದೆ. ನಿಖತ್ ಮೇಡಂ ಸಿಲಿಕಾನ್ ಬದಲಿಗೆ ಹೆಚ್ಚು ಬಿಸಿ ತಾಳುವ ಸಿಲಿಕಾನ್ ಕಾರ್ಬೈಡ್ ಚಿಪ್ ಬಳಸಿದರು. ಪ್ಲಾಸ್ಟಿಕ್ ಹಲಗೆಯ ಬದಲು ಪಿಂಗಾಣಿಯ ಹಲಗೆ. ಬೆಸುಗೆಯ ಬದಲು ಬೆಳ್ಳಿಯ ಪುಡಿಯನ್ನು ಅಂಟಿನಂತೆ ಬಳಿದು, ಕಾಯಿಸಿ ಗಟ್ಟಿ ಮಾಡಿದ ಕೂಡು. ರೊಟ್ಟಿಯ ಹಂಚಿಗಿಂತ ಹೆಚ್ಚು ಬಿಸಿಯಲ್ಲೂ ಅದು ಕೆಲಸ ಮಾಡಬೇಕು. ತನಗೆ ಬೇಕಾದ ವಿದ್ಯುತ್ತನ್ನು ಸುತ್ತಲಿನ ಬಿಸಿಯಿಂದಲೇ ಮಾಡಿಕೊಳ್ಳಬೇಕು.

ಕಿಲನ್ನಿನ ಉಕ್ಕಿನ ಮೈಗೆ ಹೊರಗಿನಿಂದ ಒಂದು ಗೂಡು ಕೊರೆದು ಈ ಬೋರ್ಡನ್ನು ಕೂರಿಸಿದರೆ, ಅದು ಒಳಗಿನ ಇಟ್ಟಿಗೆಯನ್ನು ಸಣ್ಣಗೆ ತಟ್ಟುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ಕಿವಿಗೊಡುವುದಿಲ್ಲವೇ, ಹಾಗೆ. ಮರಳಿ ಬಂದ ಸದ್ದಿನಿಂದ ಇಟ್ಟಿಗೆ ಎಷ್ಟು ಉಳಿದಿದೆ, ಅದಕ್ಕೆ ಮೆತ್ತಿದ ಹೆಂಟೆ ಎಷ್ಟು ದಪ್ಪವಿದೆ ಎಂದು ತಿಳಿದು ಕಂಟ್ರೋಲ್ ರೂಮಿಗೆ ಹೇಳುತ್ತದೆ. ಆಮೇಲೆ ಯಾರೂ ನೋಡಲು ಒಳಗೆ ಹೋಗಬೇಕಿಲ್ಲ. ಎಲ್ಲಿ ಹೆಂಟೆ ತೂಗುತ್ತಿದೆ ಎಂದು ಗೊತ್ತಿದ್ದರೆ, ಕಿಲನ್ನಿನ ಬಾಯಿಯಿಂದಲೇ ಉದ್ದನೆಯ ಯಂತ್ರದ ತೋಳು ಚಾಚಿ ಅದನ್ನು ಕೆಡವಬಹುದು. ಗೌಂಡಿಗಳು ಕಟ್ಟಲು ಮಾತ್ರ ಹೋದರಾಯಿತು.

ಕಾರ್ಖಾನೆಯ ಮ್ಯಾನೇಜರ್ ಬಿರಾದಾರ ಸಾಹೇಬರು ಒಂದು ಷರತ್ತು ಹಾಕಿದ್ದರು. ಬೋರ್ಡು ಮೊದಲು ಪ್ರಯೋಗಶಾಲೆಯಲ್ಲಿ ಬಹುಕಾಲ ಬಾಳಿ ತೋರಿಸಬೇಕು. ಆಮೇಲೆ ಕಿಲನ್ನಿನಲ್ಲಿ ಕೂತು, ಕಿಲನ್ ಒಮ್ಮೆ ನಿಂತು ಮತ್ತೆ ಹೊತ್ತಿದ ಮೇಲೂ ಮಾತಾಡಬೇಕು. ಅಲ್ಲಿಯವರೆಗೆ ಹಳೆಯ ಪದ್ಧತಿಯೇ.

ಬೋರ್ಡುಗಳು ಬಾಳಲಿಲ್ಲ. ಮಹಾನಂದಾ ಅವುಗಳನ್ನು ಓವನ್ನಿನಲ್ಲಿ ಕಾಯಿಸಿ, ಸಂಜೆ ಮನೆಗೆ ಹೊರಡುವಾಗ ಸ್ವಿಚ್ ಆರಿಸಿ, ಮರುದಿನ ಮತ್ತೆ ಹಚ್ಚುತ್ತಿದ್ದಳು. ಕೆಲವು ವಾರದಲ್ಲೇ ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಬಿಚ್ಚಿ ನೋಡಿದರೆ ಬೆಳ್ಳಿಯ ಕೂಡಿನಲ್ಲಿ ಕೂದಲೆಳೆಯ ಬಿರುಕು. ಬಿಸಿ ತಾಳದೆ ಬಿರಿಯಿತು ಎಂದುಕೊಂಡು ನಿಖತ್ ಮೇಡಂ ಹೊಸ ಬಗೆಯ ಬೆಳ್ಳಿ ತರಿಸಿದರು. ಅದೇ ಹೊತ್ತಿಗೆ ಪ್ರಯೋಗಶಾಲೆಗೆ ಜನರೇಟರು ಬಂತು. ಕರೆಂಟು ಹೋಗುವ ಭಯ ತಪ್ಪಿದ್ದರಿಂದ ಓವನ್ನನ್ನು ಹಗಲು ರಾತ್ರಿ ಹಚ್ಚಿಟ್ಟೇ ಬಿಟ್ಟರು. ಹೊಸ ಬೆಳ್ಳಿಯ ಬೋರ್ಡುಗಳು ಯುಗಾದಿಗೆ ಒಳಗೆ ಹೋದವು. ಮಳೆಗಾಲ ಕಳೆದರೂ ಒಂದೂ ಸುಮ್ಮನಾಗಲಿಲ್ಲ. ಎಲ್ಲರೂ ಹೊಸ ಬೆಳ್ಳಿಯನ್ನು ಹೊಗಳಿದ್ದೇ ಹೊಗಳಿದ್ದು.

ಆ ಮಳೆಗಾಲದಲ್ಲಿ ಸೈಬಣ್ಣ ಇನ್ನೊಮ್ಮೆ ನೋಡಲು ಒಳಗೆ ಹೋಗಿ ಬಂದ. ಏನೂ ಆಗಲಿಲ್ಲ. ಮಹಾನಂದಾ ಅವತ್ತು ಕೆಲಸಕ್ಕೆ ಹೋಗದೆ, ಹೊಸ್ತಿಲಲ್ಲಿ ಕೂತು ಒಂದು ಮೊರ ತೊಗರಿಬೇಳೆಯನ್ನು ಆರಿಸಿದ್ದನ್ನೇ ಮತ್ತೆ ಮತ್ತೆ ಆರಿಸಿದಳು.

ಇಲ್ಲಿ ಇನ್ನೊಂದು ಬೋರ್ಡಿನ ವಿಷಯ ಹೇಳಬೇಕು. ಹಳೆಯ ಬೆಳ್ಳಿಯ ಬೋರ್ಡುಗಳಲ್ಲಿ ಒಂದರ ಮೂಲೆ ಒಡೆದಿತ್ತು. ಎಸೆಯಲು ಮನಸ್ಸಾಗದೆ ನಿಖತ್ ಮೇಡಂ ಅದನ್ನು ತಮ್ಮ ಚಿಕ್ಕಪ್ಪ ರುಕ್ಮೋದ್ದೀನ್ ಚಾಚಾನ ನಾನ್ ಅಂಗಡಿಯ ತಂದೂರ್ ಒಲೆಯ ಗೋಡೆಯಲ್ಲಿ ತಮಾಷೆಗೆಂದು ಮೆತ್ತಿಸಿದ್ದರು. ಎರಡು ತಂತಿ ಹೊರಗೆ ತಂದು ಒಂದು ಪುಟ್ಟ ದೀಪ ಕಟ್ಟಿದ್ದರು. ಬೋರ್ಡು ಬದುಕಿರುವವರೆಗೂ ಅದು ಮಿಣುಕುತ್ತದೆ. ನಾನ್ ಕೊಳ್ಳಲು ಬಂದವರು ಅದೇನೆಂದು ಕೇಳಿದರೆ ಚಾಚಾ, "ಒಲಿಗಿ ದೃಷ್ಟಿ ಆಗಬಾರ್ದಂತ ನಮ್ಮ ಡಾಕ್ಟರ್ ಕಟ್ಯಾಳ" ಎನ್ನುತ್ತಿದ್ದರು. ನಿಖತ್ ಮೇಡಂ ಅದನ್ನು ಮರೆತೇಬಿಟ್ಟಿದ್ದರು.

ಮಹಾನವಮಿ ಬಂತು. ಆಯುಧ ಪೂಜೆಯ ದಿನ ಆ ಸೀಮೆಯಲ್ಲಿ ಓಡುವ ಯಂತ್ರ ಯಾವುದೂ ಇರುವುದಿಲ್ಲ. ಲಾರಿಯಿಂದ ಹಿಡಿದು ಹೊಲಿಗೆ ಮಷಿನ್ನಿನವರೆಗೆ ಎಲ್ಲವನ್ನೂ ನಿಲ್ಲಿಸಿ, ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ ಕೂರಿಸುತ್ತಾರೆ. ಪ್ರಯೋಗಶಾಲೆಯಲ್ಲಿ ಪೂಜೆಯ ಉಸ್ತುವಾರಿ ದೇವಿಂದ್ರನದು. ವೆಲ್ಡಿಂಗ್ ಮಾಡುವ ಅವನಿಗೆ ವರ್ಷಕ್ಕೊಮ್ಮೆ ಬರುವ ಈ ದಿನದಲ್ಲಿ ಇಡೀ ಪ್ರಯೋಗಶಾಲೆಯೇ ತನ್ನದು ಎನ್ನುವಷ್ಟು ಹುರುಪು. ಪೇಢೆ ತರುವುದು ನಿಖತ್ ಮೇಡಂ ಅವರ ಪಾಲು. ಅದನ್ನು ಅವರು ಒಂದು ವರ್ಷವೂ ತಪ್ಪಿಸಿದವರಲ್ಲ.

ಎಲ್ಲಕ್ಕೂ ಹೂವಾದ ಮೇಲೆ ದೇವಿಂದ್ರ ಓವನ್ನಿನ ಮುಂದೆ ನಿಂತ. "ಅಕ್ಕೋರೆ, ಇವೇನು ಪಾಪ ಮಾಡ್ಯಾವ್ರಿ? ಯುಗಾದಿಯಿಂದ ಬೆಂಕ್ಯಾಗ ಕೂತು ದುಡೀಲತ್ತಾವ. ಇವತ್ತೂ ರಜಾ ಇಲ್ಲೇನು?"

ಮೇಡಂ ಮಹಾನಂದಾಳತ್ತ ನೋಡಿದರು. ಓವನ್ನಿನ ಹೊಣೆ ಅವಳದು. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಬಿಸಿಯಲ್ಲಿ ಇಷ್ಟು ಬಾಳಿದ್ದಕ್ಕೆ ಒಂದು ದಿನದ ತಂಪಿನಿಂದ ಏನಾದೀತು? ಎಲ್ಲ ಯಂತ್ರಗಳಿಗೂ ಪೂಜೆಯಾಗಿ, ಗಂಡನ ಜೀವ ಕಾಯಬೇಕಾದ ಇವಕ್ಕೇ ಆಗದೆ ಉಳಿದರೆ ಅದು ಸರಿಯೇ ಎಂದೂ ಅನಿಸಿತು. "ಒಂದಿನ ತಣ್ಣಗ ಕುಂಡ್ರಲಿ ಬಿಡ್ರಿ" ಎಂದು ತಾನೇ ಸ್ವಿಚ್ ಆರಿಸಿದಳು. ಬಾಗಿಲು ತೆರೆದು ಫ್ಯಾನ್ ಹಚ್ಚಿದಳು. ಆರಿದ ಮೇಲೆ ಒಂದೊಂದನ್ನೇ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದಳು. ಅವು ಪೂಜೆಗೆ ಕೂತ ಮಕ್ಕಳ ಹಾಗೆ ಕಂಡವು.

ರಜೆ ಮುಗಿಸಿ ಬಂದು ಓವನ್ ಹಚ್ಚಿದರೆ, ಎಂಟರಲ್ಲಿ ಆರು ಮಾತಾಡಲಿಲ್ಲ. ಉಳಿದೆರಡು ಸಂಜೆಯೊಳಗೆ ಸುಮ್ಮನಾದವು.

ಯಾರೂ ಅವಳನ್ನು ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ದೇವಿಂದ್ರ ಕುಂಕುಮ ಒಳಗೆ ಇಳಿದಿರಬಹುದೇ ಎಂದು ಭೂತಗನ್ನಡಿ ಹಿಡಿದು ಹುಡುಕಿದ. ಕುಂಕುಮ ಇರಲಿಲ್ಲ, ಅದೇ ಕೂದಲೆಳೆಯ ಬಿರುಕು. ಹೊಸ ಬೆಳ್ಳಿಯೂ ಅಷ್ಟೇ ಎಂದು ಮೇಡಂ ಕುರ್ಚಿಗೆ ಒರಗಿದರು. ಮನೆಯಲ್ಲಿ ಮಹಾನಂದಾ ಊಟ ಬಿಟ್ಟಳು. ಸೈಬಣ್ಣ ವಿಷಯ ಕೇಳಿ, ತನ್ನ ಪುಂಡಿಪಲ್ಯವನ್ನು ಅವಳ ತಟ್ಟೆಯ ಕಡೆ ಸರಿಸಿದ.

"ಇನ್ನೊಂದು ವರ್ಷ ನೋಡ್ಲಾಕ ಹೋದ್ರ ಆಯ್ತು, ಅದರಾಗೇನದ?" ಎಂದ.

"ಹಂಗನಬ್ಯಾಡ್ರಿ" ಎಂದಳು ಅವಳು. ಗೌರಮ್ಮ ಅವತ್ತು ಏನೂ ಆಡಿಕೊಳ್ಳದೆ, ಎದ್ದು ಸೊಸೆಗೊಂದು ಬಿಸಿ ರೊಟ್ಟಿ ಬಡಿದಳು.

ದಸರೆ ಮುಗಿದರೂ ಬನ್ನಿ ಕೊಡುವುದು ಹುಣ್ಣಿಮೆಯವರೆಗೆ ನಡೆಯುತ್ತದೆ. ಒಂದು ಸಂಜೆ ಮೇಡಂ ಚಾಚಾನ ಅಂಗಡಿಗೆ ಹೊರಟಾಗ ಮಹಾನಂದಾಳನ್ನೂ ಕರೆದರು. ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬನ್ನಿ ಎಲೆ ಬಿಚ್ಚಿ ಚಾಚಾನ ಕೈಗಿಟ್ಟು ನಮಸ್ಕರಿಸಿದಳು. ಬಂಗಾರದಂಗ ಇರವ್ವಾ ಎಂದು ಅವರು ಹರಸಿ, ಒಂದು ಬಿಸಿ ನಾನ್ ಕೈಗೆ ಹಾಕಿದರು. ನಾನ್ ಮುರಿಯುತ್ತ ಅವಳು ಒಲೆಯತ್ತ ನೋಡಿದಳು. ಪುಟ್ಟ ದೀಪ ಮಿಣುಕುತ್ತಿತ್ತು.

ಅವಳು ಮೊದಲು ಅದು ಬೆಂಕಿಯ ಹೊಳಪು ಎಂದುಕೊಂಡಳು. ಹತ್ತಿರ ಹೋದಳು. ದೀಪವೇ. ಮೂಲೆ ಒಡೆದ, ಹಳೆಯ ಬೆಳ್ಳಿಯ, ಯಾರೂ ತಿರುಗಿ ನೋಡದ ಆ ಬೋರ್ಡು ಬದುಕಿತ್ತು.

"ಚಾಚಾ, ಈ ಒಲಿ ಯಾವಾಗರೆ ಆರಸ್ತೀರೇನ್ರಿ?"

"ಆರಸೋದಾ?" ಚಾಚಾ ಅವಳು ಕೇಳಬಾರದ್ದು ಕೇಳಿದಂತೆ ಮುಖ ಮಾಡಿದರು. "ಹಬ್ಬಕ್ಕೂ ಇಲ್ಲ, ರಂಜಾನಕ್ಕೂ ಇಲ್ಲ. ಅಂಗಡಿ ಮುಚ್ಚುವಾಗ ಕೆಂಡದ ಮ್ಯಾಲ ಬೂದಿ ಹೊಚ್ಚಿ ಮಲಗಸ್ತೀನಿ. ಮುಂಜಾನಿ ಕೆದರಿದ್ರ ಎದ್ದ್ ಕುಂಡ್ರತದ."

ಮಹಾನಂದಾಳ ಕೈಯಲ್ಲಿದ್ದ ನಾನ್ ಹಾಗೇ ಉಳಿಯಿತು. ಹಳೆಯ ಬೆಳ್ಳಿ ಬದುಕಿದೆ, ಹೊಸ ಬೆಳ್ಳಿ ಸತ್ತಿದೆ. ಹಾಗಾದರೆ ಬದುಕಿಸಿದ್ದು ಬೆಳ್ಳಿಯಲ್ಲ. ಮೊದಲಿನ ಬೋರ್ಡುಗಳನ್ನು ತಾನು ದಿನವೂ ಸಂಜೆ ಆರಿಸುತ್ತಿದ್ದೆ, ಅವು ಸತ್ತವು. ಆಮೇಲಿನವನ್ನು ಆರಿಸಲಿಲ್ಲ, ಬದುಕಿದವು. ಹಬ್ಬಕ್ಕೆ ಆರಿಸಿದೆ; ಸತ್ತವು. ಕಿಲನ್ ನಿಲ್ಲಿಸಿದಾಗ ಒಮ್ಮೆಲೇ ತಂಪು ಮಾಡುವಂತಿಲ್ಲ, ಇಟ್ಟಿಗೆ ಸಿಡಿಯುತ್ತವೆ, ಉರುಳಿಸುತ್ತ ಉರುಳಿಸುತ್ತ ಆರಿಸಬೇಕು ಎಂದು ಸೈಬಣ್ಣ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಮದುವೆಯಾದಾಗಿನಿಂದ ಕೇಳಿದ ಮಾತು. ಆದರೂ ಅದು ಮನೆಯ ಮಾತಾಗಿಯೇ ಉಳಿದಿತ್ತು. ರೈಲು ಹತ್ತಿ ತನ್ನ ಜೊತೆ ಬಂದಿರಲಿಲ್ಲ.

ಮೇಡಂಗೆ ಹೇಳಲು ಅವಳಿಗೆ ಅಂಜಿಕೆ. ತಪ್ಪು ಮಾಡಿದವಳೇ ಈಗ ಕಾರಣ ಹೇಳಹೊರಟರೆ ಏನೆಂದುಕೊಂಡಾರು? ಕೊನೆಗೆ, "ಮೇಡಂ, ನಾ ಹೇಳೋದು ತಪ್ಪಿರಬಹುದ್ರಿ" ಎಂದು ಶುರು ಮಾಡಿದಳು. "ಅವನ್ನ ಬಿಸಿ ಕೊಲ್ಲಲತ್ತಿಲ್ಲ. ತಂಪು ಕೊಲ್ಲಲತ್ತದ."

ನಿಖತ್ ಮೇಡಂ ದೀಪ ನೋಡಿ ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟರು. ಅವರಿಗೆ ಉಳಿದದ್ದೆಲ್ಲ ತಾನಾಗಿ ಹೊಳೆಯಿತು. ಕಾದಾಗ ಎಲ್ಲವೂ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ಆದರೆ ಒಂದೇ ಸಮನಾಗಿ ಅಲ್ಲ. ಬೆಳ್ಳಿ ಹೆಚ್ಚು ಕುಗ್ಗುತ್ತದೆ, ಪಿಂಗಾಣಿ ಕಡಿಮೆ. ನಿಧಾನವಾಗಿ ಆರಿದರೆ ಬೆಳ್ಳಿ ಬಿಸಿಯಿರುವಾಗಲೇ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಒಮ್ಮೆಲೇ ಆರಿಸಿದರೆ ಒಂದನ್ನೊಂದು ಜಗ್ಗಿ ಹರಿದುಕೊಳ್ಳುತ್ತವೆ. ಬಿರುಕು ಕಂಡಾಗಲೆಲ್ಲ ಬಿಸಿಯನ್ನು ದೂರಿದ್ದರು. ಆದರೆ ನೋಡಲೆಂದು ಕೈಗೆತ್ತಿಕೊಂಡ ಪ್ರತಿಯೊಂದು ಬೋರ್ಡನ್ನೂ ತಣ್ಣಗೆ ಮಾಡಿಯೇ ಎತ್ತಿಕೊಂಡಿದ್ದರು.

"ನಾವೇ ಕೊಂದು ನಾವೇ ಪೋಸ್ಟ್ ಮಾರ್ಟಮ್ ಮಾಡೀವಿ, ಮಹಾನಂದಾ" ಎಂದು ಅವರು ನಗಲು ಶುರು ಮಾಡಿದರು. ಚಾಚಾಗೆ ಏನೂ ತಿಳಿಯಲಿಲ್ಲ. ತಿಳಿಯದಿದ್ದರೂ ಇಬ್ಬರಿಗೂ ಇನ್ನೊಂದೊಂದು ನಾನ್ ಕೊಟ್ಟರು.

ನಂಬುವ ಮೊದಲು ಪರೀಕ್ಷಿಸಬೇಕಲ್ಲ. ಒಂದೇ ಬೆಳ್ಳಿಯಲ್ಲಿ ಹೊಸ ಬೋರ್ಡುಗಳನ್ನು ಮಾಡಿದರು. ಅರ್ಧವನ್ನು ಬಾಗಿಲು ತೆರೆದು ಫ್ಯಾನ್ ಹಚ್ಚಿ ಆರಿಸಿದರು. ಉಳಿದರ್ಧವನ್ನು ಚಾಚಾನ ಅಂಗಡಿಯಿಂದ ತಂದ ಬಿಸಿ ಬೂದಿಯಲ್ಲಿ ಹುದುಗಿಸಿ, ದಿನಗಟ್ಟಲೆ ತಾನಾಗಿ ಆರಲು ಬಿಟ್ಟರು. ಮತ್ತೆ ಕಾಯಿಸಿದಾಗ ಮೊದಲಿನವು ಹೆಚ್ಚುಕಡಿಮೆ ಎಲ್ಲವೂ ಮೂಕ. ಬೂದಿಯಲ್ಲಿ ಮಲಗಿದ್ದವು ಹೆಚ್ಚುಕಡಿಮೆ ಎಲ್ಲವೂ ಎದ್ದವು. ಈ 'ಹೆಚ್ಚುಕಡಿಮೆ' ಎಂಬುದು ಮಹಾನಂದಾಳ ನಿದ್ದೆ ಕೆಡಿಸಿತು. ಮೇಡಂ ಮಾತ್ರ ಖುಷಿಯಲ್ಲಿದ್ದರು.

ಬಿರಾದಾರ ಸಾಹೇಬರು ಇನ್ನೊಂದು ಅವಕಾಶ ಕೊಟ್ಟರು. ಕಿಲನ್ನಿನ ಮೈಗೆ ಮೂರು ಗೂಡು ಕೊರೆಸಿ, ಉಕ್ಕಿನ ಮುಚ್ಚಳ ಹಾಕಿಸಿದರು. ಗೂಡಿನ ಹಿಂಬದಿಗೆ ದಪ್ಪನೆಯ ಬೂದಿಯ ಪದರ ತುಂಬುವ ಜಾಗ ಬಿಡಬೇಕೆಂದು ಮಹಾನಂದಾ ಕೇಳಿಕೊಂಡಳು. ಕಿಲನ್ ಆರುವಾಗ ಬೋರ್ಡು ಅದಕ್ಕಿಂತ ನಿಧಾನವಾಗಿ ಆರಲಿ ಎಂದು. ಬೂದಿಯಲ್ಲಿ ಆರಿದವುಗಳಲ್ಲೂ ಒಂದೆರಡು ಏಳದಿದ್ದುದರಿಂದ, ಒಯ್ಯುವ ಮೊದಲೇ ಆರಿಸಲು ಅವಳಿಗೆ ಧೈರ್ಯವಿರಲಿಲ್ಲ. ಇನ್ನು ಉಳಿದ ಪ್ರಶ್ನೆ ಒಂದೇ. ಓವನ್ನಿನಲ್ಲಿ ಬಿಸಿಯಾಗಿ ಎದ್ದು ಕೂತ ಬೋರ್ಡನ್ನು ತಣ್ಣಗಾಗಲು ಬಿಡದೆ ಕಲಬುರಗಿಯಿಂದ ಕಾರ್ಖಾನೆಗೆ ತರುವುದು ಹೇಗೆ?

ದೇವಿಂದ್ರ ಒಂದು ಕಬ್ಬಿಣದ ಡಬ್ಬಿ ಮಾಡಿದ. ಒಳಗೆ ಬೋರ್ಡುಗಳು, ಸುತ್ತ ಬಿಸಿ ಬೂದಿ, ಅದರ ಸುತ್ತ ಕೆಂಡ. ಬೂದಿ ಹೊಚ್ಚಿ ಕೆಂಡ ಕೂರಿಸಿಕೊಡಲು ಚಾಚಾ ತಾವೇ ಜೀಪು ಹತ್ತಿದರು. ಇಷ್ಟು ವರ್ಷದಲ್ಲಿ ಅವರು ಅಂಗಡಿ ಬಿಟ್ಟು ಹೊರಟದ್ದು ಅದೇ ಮೊದಲು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಹೊಗೆಯಾಡುವ ಡಬ್ಬಿಯನ್ನು ಮಡಿಲ ಹತ್ತಿರ ಹಿಡಿದುಕೊಂಡು ಕೂತ ಮಹಾನಂದಾಳನ್ನು ಕಂಡು ಒಬ್ಬ ಮುದುಕ ಕೈಮುಗಿದು, ಯಾವ ದೇವರ ಬೆಂಕಿ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದ. ಚಾಚಾ ಗಂಭೀರವಾಗಿ, "ಸಿಮೆಂಟಪ್ಪಂದು" ಎಂದರು. ಮುದುಕ ಇನ್ನೊಮ್ಮೆ ಕೈಮುಗಿದ.

ಕಿಲನ್ನನ್ನು ಬಹಳ ಹೊತ್ತು ನಿಲ್ಲಿಸಿದರೆ ಅದರ ಬೆನ್ನು ಬಾಗುತ್ತದೆ. ಹಾಗಾಗಿ ಸ್ವಲ್ಪವೇ ಸ್ವಲ್ಪ ನಿಲ್ಲಿಸಿಕೊಟ್ಟರು. ಅಟ್ಟಣಿಗೆಯ ಮೇಲೆ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ದಪ್ಪ ಕೈಗವಸು ತೊಟ್ಟ ಮಹಾನಂದಾ ಉದ್ದನೆಯ ಇಕ್ಕಳದಿಂದ ಬೂದಿ ಕೆದರಿ, ಒಂದು ಬೋರ್ಡು ಎತ್ತಿ, ಹಂಚಿನ ಮೇಲಿನ ರೊಟ್ಟಿ ತಿರುವುವಷ್ಟು ಹೊತ್ತಿನಲ್ಲಿ ಗೂಡಿಗೆ ದಾಟಿಸಿದಳು. ಕಿಲನ್ ಸ್ವಲ್ಪ ಉರುಳಿತು; ಎರಡನೆಯದು. ಮತ್ತೆ ಉರುಳಿತು, ಮೂರನೆಯದು. ಕೆಳಗೆ ನಿಂತಿದ್ದ ಸೈಬಣ್ಣನ ಕೈ ತಾನಾಗಿಯೇ ಎಡಹೆಗಲ ಮೇಲೆ ಹೋಗಿತ್ತು. ಅವಳು ಇಳಿದು ಬಂದಾಗ ಅವನು, "ಈಗ ಗೊತ್ತಾಯ್ತು, ನೋಡಕೋತ ನಿಂದ್ರೋದು ಹೆಂಗಿರ್ತದಂತ" ಎಂದ.

ಕಂಟ್ರೋಲ್ ರೂಮಿನ ಪರದೆಯ ಮೇಲೆ ಮೂರು ಗೆರೆ ಮೂಡಿದವು. ಇಡೀ ಬೇಸಿಗೆ ಅವು ಮಾತಾಡುತ್ತಲೇ ಇದ್ದವು. ಊರಿನ ಮೊಬೈಲುಗಳು ಮಧ್ಯಾಹ್ನ ಆರಿಹೋಗುತ್ತಿದ್ದ ದಿನಗಳಲ್ಲೂ ಅವು ಮಾತ್ರ ಎಚ್ಚರವಾಗಿದ್ದವು. ಹತ್ತಿರದ ಕೇರಿಯವರು ಇದನ್ನು ಕೇಳಿ, ನಮ್ಮ ಸಿಗ್ನಲ್ ದೀಪಕ್ಕೂ ಇಂಥದೊಂದು ಹಾಕಬಾರದೇ ಎಂದರು. ಮಧ್ಯಾಹ್ನ ದಾಟುವವರಾದರೂ ಯಾರು ಎಂದು ಇನ್ನು ಕೆಲವರು ನಕ್ಕರು.

ಶ್ರಾವಣದಲ್ಲಿ ಕಿಲನ್ ನಿಲ್ಲಿಸುವ ಹೊತ್ತು ಬಂತು. ಬೆಂಕಿ ಆರಿಸುವ ಮೊದಲು ಬೋರ್ಡುಗಳು ಕೊನೆಯ ಲೆಕ್ಕ ಹೇಳಿದವು. ಮೊದಲ ಗೂಡಿನ ಬಳಿ ಇಟ್ಟಿಗೆ ಚೆನ್ನಾಗಿದೆ. ಎರಡನೆಯದರ ಬಳಿ ಅರ್ಧಕ್ಕರ್ಧ ಸವೆದಿದೆ. ಮೂರನೆಯದರ ಬಳಿ ಇಟ್ಟಿಗೆಯಿದೆ, ಆದರೆ ಭಾರೀ ಹೆಂಟೆಯೊಂದು ಮೆತ್ತಿಕೊಂಡಿದೆ. ಕಿಲನ್ ಮೆಲ್ಲಗೆ ಉರುಳುತ್ತ ಆರತೊಡಗಿದಂತೆ ಗೆರೆಗಳು ಒಂದೊಂದಾಗಿ ಸಣ್ಣಗಾಗಿ ನಿಂತುಹೋದವು. ಬಿಸಿಯೇ ಅವುಗಳ ಅನ್ನ. ಅದಿಲ್ಲದೆ ಅವು ಮಾತಾಡಲಾರವು. ನಿದ್ದೆಯೋ ಸಾವೋ ಮತ್ತೆ ಹಚ್ಚುವವರೆಗೆ ಗೊತ್ತಾಗುವಂತಿಲ್ಲ.

ಷರತ್ತು ಇನ್ನೂ ಪೂರ್ತಿ ತೀರಿರದಿದ್ದರೂ, ಬೋರ್ಡುಗಳ ಲೆಕ್ಕ ಕೈಯಲ್ಲಿದ್ದುದರಿಂದ ಆ ಸಲ ಬಿರಾದಾರ ಸಾಹೇಬರು ಯಾರನ್ನೂ ನೋಡಲು ಕಳಿಸಲಿಲ್ಲ. ಬಾಯಿಯಿಂದ ಯಂತ್ರದ ತೋಳು ಚಾಚಿ, ಮೂರನೆಯ ಗೂಡಿನ ನೇರಕ್ಕೆ ಹೆಂಟೆಯನ್ನು ತಟ್ಟಿಸಿದರು. ಎರಡು ಏಟಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಹೆಂಟೆ ಕಳಚಿ ಬಿತ್ತು. ಅಟ್ಟಣಿಗೆ ನಡುಗಿತು, ಧೂಳು ಹೊರಗೆ ನುಗ್ಗಿತು. ಧೂಳು ಇಳಿದ ಮೇಲೆ ಸೈಬಣ್ಣ ಬಾಯಿಯಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಿದ. ಪ್ರತಿ ವರ್ಷ ನೋಡಲು ಹೋದವರು ನಿಲ್ಲುವ ಜಾಗದಲ್ಲಿ, ಎಮ್ಮೆ ಮಲಗಿದಷ್ಟು ದೊಡ್ಡದಾಗಿ ಅದು ಬಿದ್ದಿತ್ತು. ಅವನು ಟಾರ್ಚ್ ಆರಿಸಿ, ಕರಣಿ ತೊಳೆಯಲು ಹೋದ.

ಆಮೇಲೆ ಗೌಂಡಿಗಳು ಕಟ್ಟಲು ಒಳಗೆ ಹೋದರು. ಬೋರ್ಡುಗಳು ಹೇಳಿದಲ್ಲೇ ಇಟ್ಟಿಗೆ ಸವೆದಿತ್ತು.

ಕಿಲನ್ ಮತ್ತೆ ಹೊತ್ತಿಸಿದ ದಿನ ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಸಾಲದೆ ಎಲ್ಲರೂ ನಿಂತಿದ್ದರು. ಷರತ್ತಿನ ಉಳಿದರ್ಧ ಇದು. ಇವು ಏಳದಿದ್ದರೆ ಮುಂದಿನ ಮಳೆಗಾಲಕ್ಕೆ ಸೈಬಣ್ಣ ಮತ್ತೆ ಟಾರ್ಚ್ ಹಿಡಿದು ಒಳಗೆ ಹೋಗುವವನೇ. ಬಿಸಿ ಏರುತ್ತಿದ್ದರೂ ಪರದೆ ಕಪ್ಪಾಗಿಯೇ ಇತ್ತು. ಮಹಾನಂದಾ ಪರದೆಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತಳು. ಮೇಡಂ ಎರಡು ಸಲ ಕನ್ನಡಕ ಒರೆಸಿದರು. ಆಗ ಮೊದಲ ಗೆರೆ ನಡುಗುತ್ತ ಎದ್ದಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಮೂರನೆಯದಕ್ಕಾಗಿ ಸಂಜೆಯವರೆಗೂ ಕಾದರು. ಅದು ಏಳಲಿಲ್ಲ.

ಮಹಾನಂದಾ ಆ ಏಳದ ಒಂದನ್ನೇ ನೆನೆದು ತಲೆ ತಗ್ಗಿಸಿದ್ದಳು. ಬಿರಾದಾರ ಸಾಹೇಬರು ಎದ್ದು, ಮುಂದಿನ ಸಲ ಹನ್ನೆರಡು ಗೂಡು ಕೊರೆಸೋಣ, ಒಂದು ಮಲಗಿದರೆ ಮಗ್ಗುಲಿನದು ನೋಡಿಕೊಳ್ಳುತ್ತದೆ, ನೋಡಲು ಹೋಗುವ ಪದ್ಧತಿ ಇವತ್ತಿಗೆ ಮುಗಿಯಿತು ಎಂದರು. ಸೈಬಣ್ಣನ ಜೊತೆಯ ಗೌಂಡಿಯೊಬ್ಬ ಬಾಗಿಲಲ್ಲಿ ಇಣುಕಿ, "ಅಕ್ಕಾ, ಇಟ್ಟಂಗಿ ಕಟ್ಟೋ ಬೋರ್ಡ್ ಮಾತ್ರ ಮಾಡಬ್ಯಾಡ್ರಿ ಮತ್ತ" ಎಂದ. ಆಗ ಅವಳೂ ನಕ್ಕಳು.

ಮತ್ತೆ ಮಹಾನವಮಿ ಬಂದಾಗ ಪ್ರಯೋಗಶಾಲೆಯಲ್ಲಿ ಪೂಜೆ ಜೋರಾಗಿಯೇ ನಡೆಯಿತು. ದೇವಿಂದ್ರ ಎಲ್ಲವನ್ನೂ ನಿಲ್ಲಿಸಿ ಒರೆಸಿದ. ಓವನ್ನಿನ ಮುಂದೆ ಬಂದು, ಮಹಾನಂದಾಳ ಮುಖ ನೋಡಿ, ಬಾಗಿಲಿಗೆ ಹೊರಗಿನಿಂದಲೇ ವಿಭೂತಿ ಹಚ್ಚಿ ಹೂವು ಸಿಗಿಸಿದ. "ಇವು ದುಡಕೋತೇ ಪೂಜಾ ಮಾಡಿಸ್ಕೊಳ್ಳೋ ಮಂದಿ" ಎಂದ. ಬಿಸಿಗೆ ಹೂವು ಬೇಗನೆ ಬಾಡಿತು. ಯಾರೂ ಅದನ್ನು ಕೆಟ್ಟ ಶಕುನ ಎನ್ನಲಿಲ್ಲ.

ಬನ್ನಿ ಕೊಡಲು ಈ ಸಲ ಮಹಾನಂದಾ ಸೈಬಣ್ಣ, ಗೌರಮ್ಮ ಇಬ್ಬರನ್ನೂ ಚಾಚಾನ ಅಂಗಡಿಗೆ ಕರೆತಂದಳು. ಗೌರಮ್ಮ ಮಿಣುಕುವ ದೀಪವನ್ನು ಬಗ್ಗಿ ನೋಡಿ, ಇಷ್ಟು ಸಣ್ಣದಕ್ಕೇನಾ ಇಷ್ಟೆಲ್ಲಾ ಎಂದು ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ಯಾರಿಗೂ ಕಾಣದಂತೆ ಅದಕ್ಕೂ ಒಂದು ಬನ್ನಿ ಎಲೆ ಇಟ್ಟಳು.

ಹೇಳಬೇಕಾದದ್ದು ಇಷ್ಟೇ. ಗೊತ್ತಿಲ್ಲದ್ದೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಿಲನ್ನಿನ ಮೂರನೆಯ ಬೋರ್ಡು ಯಾಕೆ ಏಳಲಿಲ್ಲ ಎಂದು ಗೊತ್ತಿಲ್ಲ. ತಂದೂರಿನ ಆ ಮೂಲೆ ಒಡೆದ ಬೋರ್ಡು, ಹಳೆಯ ಬೆಳ್ಳಿಯದು, ಎಲ್ಲಕ್ಕಿಂತ ಹೆಚ್ಚು ಕಾಲ ಹೇಗೆ ಬದುಕಿದೆ ಎಂಬುದೂ ಗೊತ್ತಿಲ್ಲ. ಒಡೆದ ಮೂಲೆಯೇ ಅದಕ್ಕೆ ಕುಗ್ಗಲು ಜಾಗ ಕೊಟ್ಟಿತೋ, ಚಾಚಾನ ಬೂದಿಯ ಹದವೋ, ಇನ್ನೇನೋ. ತಿಳಿಯಬೇಕಾದರೆ ಅದನ್ನು ಗೋಡೆಯಿಂದ ಕಿತ್ತು, ತಣ್ಣಗೆ ಮಾಡಿ, ಕೈಯಲ್ಲಿ ಹಿಡಿದು ನೋಡಬೇಕು. ನಿಖತ್ ಮೇಡಂ ಒಮ್ಮೆ ಆ ಮಾತೆತ್ತಿದಾಗ ಸೈಬಣ್ಣ, "ನೋಡ್ಲಾಕ ಹೋಗಬ್ಯಾಡ್ರಿ" ಎಂದ. ಇಲ್ಲಿಯವರೆಗೆ ಯಾರೂ ಹೋಗಿಲ್ಲ. ದೀಪ ಮಿಣುಕುತ್ತಿದೆ, ಯಾಕೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.